ಒಂದು ಎಳೆ ಕೂದಲು

“ನನ್ನ ನೆರಳು ತುಳೀಬ್ಯಾಡ. ದೂರ ನಿಂದ್ರು,” ಅಂದಳು ಫಾತಿಮಾಬೀ. ಕೊಪ್ಪಳದ ಕೋಟೆಯ ಮೆಟ್ಟಿಲು ಅರ್ಧ ಹತ್ತುವಷ್ಟರಲ್ಲೇ ಮುದುಕಿಗೆ ಏದುಸಿರು. ಬೈಯುವುದಕ್ಕೆ ಮಾತ್ರ ಅದೆಲ್ಲಿಂದಲೋ ದಮ್ಮು ಬರುತ್ತಿತ್ತು.

“ನಿಮ್ಮ ನೆರಳಾ ನನ್ನ ಮ್ಯಾಲ ಬಿದ್ದೈತಿ, ನಾ ಎಲ್ಲಿ ತುಳದೀನ್ರಿ?” ಅಂದಳು ಎರಡು ಮೆಟ್ಟಿಲು ಕೆಳಗಿದ್ದ ಸೊಸೆ ಹಸೀಬಾ.

ಈ ಕೋಟೆಗೆ ಜನ ಫೋಟೋ ತೆಗೆಸಿಕೊಳ್ಳಲು ಬರುತ್ತಾರೆ. ಇವರು ಜಗಳ ಬಗೆಹರಿಸಿಕೊಳ್ಳಲು ಬಂದಿದ್ದರು. ಹಸೀಬಾ ತವರು ಸೇರಿ ಎರಡು ತಿಂಗಳಾಗಿತ್ತು. ಭಾಗ್ಯನಗರದ ಬೀಗರ ಹೊಸ್ತಿಲು ತುಳಿಯುವುದಿಲ್ಲ ಅಂತ ಅತ್ತೆ, ಗಿಣಿಗೇರಾದ ಗಂಡನ ಮನೆಗೆ ತಾನಾಗಿ ಕಾಲಿಡುವುದಿಲ್ಲ ಅಂತ ಸೊಸೆ. ಮದುವೆ ಮಾಡಿಸಿದ ಚಾಂದಸಾಬನಿಗೆ ತಲೆ ಕೆಟ್ಟು, “ಹಂಗಾರ ಕೋಟಿಗೆ ಬರ್ರಿ. ಅದು ಯಾರಪ್ಪನ ಮನೀನೂ ಅಲ್ಲ,” ಅಂದಿದ್ದ. ಅಂದವನು ಈಗ ಎಲ್ಲರ ಹಿಂದೆ ಮೊಣಕಾಲು ಹಿಡಿದುಕೊಂಡು, ತನ್ನನ್ನು ತಾನೇ ಬೈದುಕೊಳ್ಳುತ್ತ ಹತ್ತುತ್ತಿದ್ದ.

ಜಗಳ ಒಂದು ಕೂದಲಿನದು. ಹಸೀಬಾ ಭಾಗ್ಯನಗರದ ಕೂದಲ ಕಾರ್ಖಾನೆಗೆ ಹೋಗುವವಳು. ಗಂಟುಗಂಟು ರಾಶಿಯನ್ನು ಬಿಡಿಸಿ, ಬುಡ ಒಂದು ಕಡೆ ತುದಿ ಒಂದು ಕಡೆ ಮಾಡಿ, ಉದ್ದ ನೋಡಿ ಬೇರೆ ಮಾಡುವ ಕೆಲಸ. ಕಂಡವರ ಕೂದಲು ಮುಟ್ಟಿದ ಕೈಯಿಂದ ಉಣ್ಣಲು ಅತ್ತೆಗೆ ಮೊದಲಿನಿಂದಲೂ ಹೇಸಿಗೆ. ಆ ಕೈ ತರುವ ಪಗಾರಕ್ಕೆ ಹೇಸಿಗೆ ಇರಲಿಲ್ಲ, ಆ ಮಾತು ಬೇರೆ. ಒಂದು ಶುಕ್ರವಾರ ನೆಂಟರು ಉಣ್ಣಲು ಕೂತಾಗ ಪಲಾವಿನಲ್ಲಿ ಉದ್ದನೆಯ ಕೂದಲು ಬಂತು. “ಯಾವ ಹೆಣದ್ದೋ ಏನೋ!” ಅಂತ ಫಾತಿಮಾಬೀ ತಾಟನ್ನು ಅಂಗಳಕ್ಕೆ ಎಸೆದಳು. ಹಸೀಬಾಳ ಗಂಡ ಮುಜೀಬ ತುಟಿ ಪಿಟಕ್ಕೆನ್ನಲಿಲ್ಲ. ಹಸೀಬಾ ಆ ಕೂದಲನ್ನು ಕಾಗದದಲ್ಲಿ ಮಡಚಿಕೊಂಡು ತವರಿಗೆ ನಡೆದಳು.

ಮೇಲೆ ಬುರುಜಿನ ಪಕ್ಕ, ಮೊದಲೇ ಹತ್ತಿ ನಿಂತಿದ್ದ ಮುಜೀಬನೂ ಸೇರಿ ನಾಲ್ವರೂ ಕೂತರು. ಗಾಳಿ ಜೋರಾಗಿತ್ತು.

“ಕೆಲಸ ಬಿಡ್ತೀನಿ ಅನ್ನು, ಮಾಫ್ ಮಾಡ್ರಿ ಅನ್ನು. ಮುಗೀತು ಬೇಟಿ,” ಅಂದ ಚಾಂದಸಾಬ.

“ಯಾರ ತಪ್ಪಿಗೆ, ಚಾಚಾ?” ಹಸೀಬಾ ಕಾಗದ ಬಿಚ್ಚಿ, ಕೂದಲನ್ನು ಎರಡು ಬೆರಳ ನಡುವೆ ಹಿಡಿದು ಹೊಸೆದಳು. “ಇದು ಬುಡ. ಬೆರಳಿಗೇ ತಿಳೀತೈತಿ. ಬುಡದಾಗ ಬಿಳಿ, ಅಲ್ಲಿಂದ ತುದಿತನಕ ಮದರಂಗಿ ಕೆಂಪು. ನಾ ಬಿಡಸೂದು ಬರೇ ಕರಿ ಕೂದಲಾ.”

ಫಾತಿಮಾಬೀಯ ಸೆರಗು ಗಾಳಿಗೆ ಜಾರಿತ್ತು. ಬೈತಲೆಯ ಎರಡೂ ಕಡೆ ಬಿಳಿ, ಅದರಾಚೆ ಮದರಂಗಿ ಕೆಂಪು. ಮುದುಕಿ ಗಬಕ್ಕನೆ ಸೆರಗು ಎಳೆದುಕೊಂಡಳು. ಚಾಂದಸಾಬ ಕೆಮ್ಮಿ, ಊರ ಕಡೆ ಮುಖ ತಿರುಗಿಸಿದ.

ಗೆದ್ದೆ ಅನ್ನಿಸಿತು ಹಸೀಬಾಗೆ. ಎರಡು ತಿಂಗಳಲ್ಲಿ ಮೊದಲ ಸಲ ಗಂಡನ ಮುಖವನ್ನು ಆಸೆಯಿಂದ ನೋಡಿದಳು.

“ನನಗ ಅವತ್ತಾ ಗೊತ್ತಾಗಿತ್ತು,” ಅಂದ ಮುಜೀಬ, ನೆಲ ಕೆರೆಯುತ್ತ. “ನಾಕ ಮಂದ್ಯಾಗ ತಾಯಿಗೆ ಹೆಂಗ ಅನ್ಲಿ? ಈಗರ ಮಾಫ್ ಕೇಳಿಬಿಡು. ನಿನ್ನ ಗಂಟೇನ್ ಹೋಗತೈತಿ?”

ಹಸೀಬಾಳ ಮೈಯೆಲ್ಲ ಉರಿಯಿತು. ಎರಡು ತಿಂಗಳು ಬರೀ ಅತ್ತೆಯನ್ನು ಬೈದದ್ದು ದಂಡವಾಯಿತಲ್ಲ! ಕೂದಲನ್ನು ಮತ್ತೆ ಕಾಗದದಲ್ಲಿಟ್ಟು ನಾಲ್ಕು ಮಡಿಕೆ ಹಾಕಿದಳು. ಗಂಡನ ಅಂಗೈಗೆ ಇಟ್ಟಳು.

“ಹಿಡಿ. ಇದು ನಿಮ್ಮ ಮನೀದು. ಜ್ವಾಪಾನಾಗಿ ಇಟ್ಕೋ.”

ಎದ್ದು ಮೆಟ್ಟಿಲು ಇಳಿಯತೊಡಗಿದಳು.

“ಬೇಟಿ, ನಾಳಿ ಗಿಣಿಗೇರಾಕ್ಕ…” ಚಾಂದಸಾಬ ಕೂಗಿದ.

“ನಾಳಿ ಕೆಲಸ ಐತಿ, ಚಾಚಾ.”

“ಹೋಗ್ಲಿ ಬಿಡೋ ಆ ಶನಿ!” ಅಂತ ಫಾತಿಮಾಬೀ ಮಗನಿಗೆ ಚೀರಿದಳು. “ಮದ್ಲ ಆ ಕಾಗದ ಒಗಿ!”

ಮುಜೀಬ ಕೈಯನ್ನು ಗೋಡೆಯಾಚೆ ಚಾಚಿದ. ಕೆಳಗೆ ಹಸೀಬಾಳ ತಲೆ ತಿರುವಿನಲ್ಲಿ ಮರೆಯಾಗುವವರೆಗೂ ಚಾಚಿಯೇ ಇದ್ದ. ಮುಷ್ಟಿ ಬಿಚ್ಚಲಿಲ್ಲ.