ಬಾಣಂತಿ ಡಿಸ್ಕಸ್

ಆಲಸನತ್ತಂನ ನಿರಂಜನನ ಮನೆಯಲ್ಲಿ ಕೊನೆಗೂ ಮೀನಿನ ಮರಿಗಳು ಈಜಿದವು. ಒಂದೆರಡಲ್ಲ, ನೀರಲ್ಲಿ ಸಾಸಿವೆ ಚೆಲ್ಲಿದ ಹಾಗೆ. ತಟ್ಟೆಯಗಲದ ಆ ಡಿಸ್ಕಸ್ ಜೋಡಿ ಇಲ್ಲಿಯವರೆಗೆ ತಾನಿಟ್ಟ ಮೊಟ್ಟೆಗಳನ್ನು ತಾನೇ ತಿಂದು, ಏನೂ ಆಗಿಲ್ಲವೆಂಬಂತೆ ಟ್ಯಾಂಕಿನ ಗಿಡಗಳ ನಡುವೆ ವಾಯುಸೇವನೆ ಮಾಡುತ್ತಿತ್ತು. ಹೆಣ್ಣಿಗೆ ವಯಸ್ಸಾಗುತ್ತಿತ್ತು. ಮರಿ ಮಾಡಿಸಲೆಂದು ಜೋಡಿಯನ್ನು ಕೊಟ್ಟಿದ್ದ ಮೂಕಂಡಪಲ್ಲಿಯ ಮೀನಿನಂಗಡಿ ಕುಮಾರೇಶ್ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: "ಈ ಸಲಾನೂ ಮರಿ ನಿಲ್ಲಲಿಲ್ಲಾಂದ್ರೆ ಭಾನುವಾರ ಬಂದು ಎರಡನ್ನೂ ತಗೊಂಡೋಗ್ತೀನಿ ಸಾರ್. ಬೇರೆ ಬೇರೆ ಜೋಡಿ ಕಟ್ಟಿ ನೋಡ್ತೀನಿ."

ಕಾಲೇಜು ಮೇಷ್ಟ್ರಾದ ನಿರಂಜನ ಯಾರ ದನಿಯನ್ನು ಬೇಕಾದರೂ ಅನುಕರಿಸುವವನು. ಕುಮಾರೇಶನಿಗೆ ಫೋನು ಮಾಡಿ, ಅವನದೇ ತಮಿಳು ಬೆರೆತ ದನಿಯಲ್ಲಿ, "ಸಾರ್, ಕುಟ್ಟಿ ಪೋಟ್ಟಾಚ್ಚು ಸಾರ್, ಮರಿ ಆಯ್ತು!" ಎಂದು ಕಿರುಚಿದ.

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಪಕ್ಕದ ಮನೆಯ ಶ್ಯಾಮಣ್ಣನ ಋಣ ಮರೆಯುವುದುಂಟೇ? ಬೋರಿನ ಗಡಸು ನೀರು ಡಿಸ್ಕಸ್‌ಗೆ ಆಗದೆಂದು ತನ್ನ ತಾರಸಿಯ ಮಳೆನೀರನ್ನು ಡ್ರಮ್ಮುಗಟ್ಟಲೆ ಕೊಟ್ಟವನು ಅವನು. ನಿರಂಜನ ಅವನನ್ನು ಕರೆದ. ಅವನು ಮೊಮ್ಮಕ್ಕಳನ್ನು ಕರೆತಂದ. ನಿರಂಜನನ ಹೆಂಡತಿ ಹಂಸಾಳ ಶಾಲೆಯ ಟೀಚರುಗಳೂ ಬಂದರು. ಗಾಜಿಗೆ ಮೂಗುಗಳು ಅಂಟಿದವು, ಮೊಬೈಲುಗಳು ಫಳಫಳ ಮಿಂಚಿದವು.

ಜೋಡಿ ಬೆದರಿತು. ಮೈಯ ಕಡುಬಣ್ಣ ಬಿಳಿಚಿ, ಎರಡೂ ಗಿಡದ ಮರೆಗೆ ನುಗ್ಗಿದವು. ಡಿಸ್ಕಸ್ ಮರಿಗೆ ಮೊದಲ ಊಟವೆಂದರೆ ಹೆತ್ತವರ ಮೈಮೇಲಿನ ಲೋಳೆ. ಕಪ್ಪಗೆ ಕಂಡದ್ದೇ ಅದಕ್ಕೆ ತಾಯಿ. ಬಿಳಿಚಿದ ತಾಯಿಯನ್ನು ಬಿಟ್ಟು ಮರಿಗಳು ತಳದಲ್ಲಿದ್ದ ಕರೀ ಕೊರಡಿಗೆ ಮುತ್ತಿಕೊಂಡವು.

"ಕೊರಡನ್ನೇ ಅವ್ವ ಅಂದ್ಕೊಂಡವಲ್ಲ ಕಣ್ಲಾ!" ಎಂದ ಶ್ಯಾಮಣ್ಣ.

ನಿರಂಜನನಿಗೆ ನಗು ಬರಲಿಲ್ಲ. ಕೊರಡು ಹಾಲೂಡದು. ಹೀಗೇ ಬಿಟ್ಟರೆ ಮರಿಗಳು ಹಸಿದು ಸಾಯುತ್ತವೆ.

ಅಷ್ಟರಲ್ಲಿ ಅವನ ತಾಯಿ ಭಾಗೀರಥಮ್ಮ ಸಾಂಬ್ರಾಣಿ ಕೆಂಡದೊಂದಿಗೆ ಬಂದರು. "ಬಾಣಂತಿ ಕೋಣೆಗೆ ಊರೋರ್ನೆಲ್ಲ ಕರ್ದಿದ್ದೀಯಲ್ಲೋ! ನೀನು ಹುಟ್ದಾಗ ನಿಮ್ಮಪ್ಪನ್ನೇ ಹೊಸಿಲು ದಾಟೋಕೆ ಬಿಟ್ಟಿರ್ಲಿಲ್ಲ."

"ಅಮ್ಮಾ, ಹೊಗೆ ಬೇಡ! ಪಂಪು ಅದನ್ನ ನೀರಿಗೆ ಎಳ್ಕೊಂಡ್ಬಿಡುತ್ತೆ."

"ಹೊಗೆ ಬೇಡ್ವಾ? ಸರಿ, ಮರೆ ಆದ್ರೂ ಬೇಕಾ ಬೇಡ್ವಾ?" ಕೆಂಡ ಹೊರಗಿಟ್ಟು ಅವರು ತಮ್ಮ ಹಳೇ ನೂಲಿನ ಸೀರೆ ತಂದರು.

ಸೀರೆ ಕಟ್ಟಬೇಕಾದರೆ ಜನ ಏಳಬೇಕು. ನೀರು ಕೊಟ್ಟವನಿಗೆ ಏಳು ಎನ್ನುವುದು ಹೇಗೆ? ನಿರಂಜನನ ಬಾಯಲ್ಲಿದ್ದ ದನಿಗಳೆಲ್ಲ ಒಟ್ಟಿಗೆ ಕೈಕೊಟ್ಟವು.

"ಹೇಳ್ರೀ, ಮೀನಮೇಷ ಎಣಿಸ್ಬೇಡಿ," ಹಂಸಾ ತಿವಿದಳು.

"ಮೇಷ ಎಲ್ಲಿದೆ ಕಣೆ, ಬರೀ ಮೀನ," ಎಂದು ಗೊಣಗಿದನೇ ಹೊರತು ಏಳಿ ಎನ್ನಲಿಲ್ಲ.

ಭಾಗೀರಥಮ್ಮನೇ ಹೇಳಿದರು: "ಶ್ಯಾಮಣ್ಣ, ಕೋಪ ಮಾಡ್ಕೋಬೇಡಿ. ಬಾಣಂತಿ ಸುಧಾರಿಸ್ಕೊಳ್ಲಿ, ಆಮೇಲೆ ಕರೀತೀವಿ."

"ಮುಂಚೇನೇ ಹೇಳ್ಬಾರ್ದಾ ತಾಯಿ? ನಾ ಬತ್ತೀನಿ. ಏಯ್, ನಡೀರ್ಲಾ ಎಲ್ಲಾ!" ಶ್ಯಾಮಣ್ಣ ಮೊಮ್ಮಕ್ಕಳ ಜೊತೆ ಟೀಚರುಗಳನ್ನೂ ಸಾಗಹಾಕಿದ.

ನಿರಂಜನ ಕೊರಡನ್ನು ಮೆಲ್ಲಗೆ ಅಲುಗಿಸಿ, ಮರಿಗಳನ್ನು ನೀರಲ್ಲೇ ಬಿಡಿಸಿ, ಕೊರಡನ್ನಷ್ಟೇ ಹೊರತೆಗೆದ. ಮರಿಗಳಿಗೆ ತಾಯಿ ಬೇಗ ಸಿಗಲೆಂದು ಹಂಸಾ ಟ್ಯಾಂಕಿನ ನೀರನ್ನು ಅರ್ಧಕ್ಕಿಳಿಸಿದಳು. ಗಾಜಿನ ಮುಂದೆ ಸೀರೆ ಇಳಿಬಿತ್ತು. ಮನೆಯಲ್ಲಿ ಮಿಕ್ಸಿಯೂ ಕೂಗಲಿಲ್ಲ. ಸಂಜೆ ಸೀರೆಯ ಅಂಚು ಎತ್ತಿ ಇಣುಕಿದಾಗ ಹೆಣ್ಣಿಗೆ ಕಡುಬಣ್ಣ ಮರಳಿತ್ತು. ಒಂದು ಮರಿ ಬಂದು ಅದರ ಪಕ್ಕೆಗೆ ಬಾಯಿಟ್ಟಿತು. ಹಿಂದೆಯೇ ಇನ್ನೊಂದು, ಅದರ ಹಿಂದೆ ಒಂದು ಹಿಂಡು.

"ಕುಡೀತಾವೇನೋ?" ಎಂದರು ಭಾಗೀರಥಮ್ಮ.

"ಕುಡೀತಾವಮ್ಮ." ಈ ಸಲ ಅದು ಅವನ ಸ್ವಂತ ದನಿ.

ಭಾನುವಾರ ಕುಮಾರೇಶ್ ಬಂದವನೇ ಇಣುಕಿ, ಮೀನು ಒಯ್ಯಲೆಂದು ತಂದಿದ್ದ ಖಾಲಿ ಪ್ಲಾಸ್ಟಿಕ್ ಕವರನ್ನು ಮಡಚಿ ಜೇಬಿಗಿಟ್ಟ. "ಇಲ್ಲೇ ಇರ್ಲಿ ಸಾರ್. ಬಾಣಂತೀನ ಬೈಕಲ್ಲಿ ಕೂರಿಸ್ಕೊಂಡು ಹೋಗಕ್ಕಾಗುತ್ತಾ?"

ಅವನು ಹೋದಮೇಲೆ ನಿರಂಜನ ಶ್ಯಾಮಣ್ಣನನ್ನು ತಾನೇ ಹೋಗಿ ಕರೆತಂದು ಕುರ್ಚಿ ಹಾಕಿದ. ಆಗ ಹೆಣ್ಣು ಮೈ ಕೊಡವಿತು. ಮರಿಗಳ ಹಿಂಡು ಸರ್ರನೆ ಗಂಡಿನ ಮೈಗೆ ದಾಟಿತು.

"ಗಂಡೂ ಹಾಲು ಕೊಡ್ತದೇನ್ಲಾ!" ಶ್ಯಾಮಣ್ಣ ಪಿಸುಗುಟ್ಟಿದ.

"ಚೆನ್ನಾಗಿ ನೋಡಿ ಕಲ್ತ್ಕೊಳ್ಳಿ," ಎಂದರು ಭಾಗೀರಥಮ್ಮ.

ಅಮ್ಮನಿಗೂ ಶ್ಯಾಮಣ್ಣನಿಗೂ ಕೃತಜ್ಞತೆ ಹೇಳಬೇಕೆಂದು ನಿರಂಜನ ಬೆಳಗಿನಿಂದ ಮಾತು ಜೋಡಿಸಿಟ್ಟುಕೊಂಡಿದ್ದ. ಅದರ ಬದಲು ಇಬ್ಬರಿಗೂ ಕಾಣಲೆಂದು ಸೀರೆಯ ಅಂಚನ್ನು ಎತ್ತಿ ಹಿಡಿದು, ತೋಳು ಸೋತರೂ ಇಳಿಸದೆ, ಅವರು ಸಾಕೆನ್ನುವವರೆಗೆ ಹಾಗೇ ನಿಂತ.