ಹದಿನಾಲ್ಕನೇ ಮಹಡಿಗೆ ಏನು ಕೆಲಸ

ನಮ್ಮಕ್ಕ ರಾಚವ್ವ ಸತ್ತ ಸುದ್ದಿ ಬೆಳಿಗ್ಗೆ ಹತ್ತಕ್ಕೆ ಬಂತು. ಊರಿನಿಂದ ಅಣ್ಣ ಗುರಲಿಂಗಪ್ಪ ಫೋನ್ ಮಾಡಿದ್ದ. "ಇಂದ್ರಾ, ನಾಳೆ ಮಧ್ಯಾಹ್ನ ಮಣ್ಣ ಮಾಡ್ತೀವಿ. ಶಿವಕುಮಾರಿನ್ನ ಕರ್ಕೊಂಡು ಬಾ. ಮಗಳು ತಾಯಿ ಮುಖಾ ನೋಡದಂಗ ಆಗಬಾರದು" ಅಂದ. ಹೂಂ ಅಂದೆ. ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು, ಗಂಜಿ ಬಸಿದೆ. ಅಳು ಬರಲಿಲ್ಲ. ಬರಬೇಕಿತ್ತು ಅಂತ ಗೊತ್ತಿತ್ತು, ಅಷ್ಟೆ.

ಅಕ್ಕನ ಮಗಳು ಶಿವಕುಮಾರಿ ಇದೇ ಶಹರದಲ್ಲಿ, ಮಲಾಡಿನ ದೊಡ್ಡ ಹೌಸಿಂಗ್ ಸೊಸೈಟಿಯೊಂದರ ಹದಿನಾಲ್ಕನೇ ಮಹಡಿಯಲ್ಲಿ ಕೂಸು ನೋಡಿಕೊಳ್ಳುವ ಕೆಲಸಕ್ಕಿದ್ದಾಳೆ. ಸಂಜೆ ಆರರವರೆಗೆ ಅವಳ ಮೊಬೈಲು ಮೇಡಂನ ಡ್ರಾಯರಿನಲ್ಲಿರುತ್ತದೆ. ನಮ್ಮೂರ ಕಡೆಯ ಬಸ್ಸು ಸಾಯನ್‌ನಿಂದ ಐದಕ್ಕೇ ಹೊರಡುತ್ತದೆ. ನಾನೇ ಹೋಗಿ ಕರೆತರಬೇಕು, ಬೇರೆ ದಾರಿಯಿಲ್ಲ.

ನಮ್ಮ ಮನೆತನದಲ್ಲಿ ಸಾವಿನ ಸುದ್ದಿಯನ್ನು ಬರಿಹೊಟ್ಟೆಯವರಿಗೆ ಹೇಳುವುದಿಲ್ಲ. ಮೊದಲು ಉಣಿಸಬೇಕು, ಆಮೇಲೆ ಹೇಳಬೇಕು. ಕೇಳಿದ ಮೇಲೆ ಮಣ್ಣಾಗುವ ತನಕ ತುತ್ತು ಇಳಿಯುವುದಿಲ್ಲವಲ್ಲ. ಅನ್ನಕ್ಕೆ ಸಾರು ಕಲಸಿ ಡಬ್ಬಿಗೆ ತುಂಬಿಕೊಂಡು ಆಂಟಾಪ್ ಹಿಲ್‌ನ ನಮ್ಮ ಚಾಳಿನ ವಠಾರ ಬಿಟ್ಟೆ.

ಲೋಕಲ್ ರೈಲಿನಲ್ಲಿ ಕೂತು ಇಂಗ್ಲಿಷ್ ನೆನಪು ಮಾಡಿಕೊಂಡೆ. ನಗಬೇಡಿ. ಇಂಚರಾ ಅನ್ನುವ ಬೆಂಗಳೂರಿನ ಹುಡುಗಿ ಭಾನುವಾರ ನಮ್ಮ ಚಾಳಿಗೆ ಬಂದು ಮನೆಗೆಲಸದ ಹೆಂಗಸರಿಗೆ ಕಲಿಸುತ್ತಾಳೆ. ಯಾರದಾದರೂ ಮನೆಗೆ ಹೋದರೆ ಯಾಕೆ ಬಂದೆ ಅಂತ ಹೇಳುವುದಕ್ಕೇ ಒಂದು ಪಾಠ. 'ಐ ವಾಸ್ ಜಸ್ಟ್ ಪಾಸಿಂಗ್ ಬೈ', ಹೀಗೇ ಹೊರಟಿದ್ದೆ, ಬಂದೆ ಅಂತ. ಲಗ್ನಕ್ಕೆ ಕರೆಯಲು ಒಂದು ಮಾತು, ಪಾರ್ಸಲ್ ಕೊಡಲು ಒಂದು, ಶಾಲೆಯಿಂದ ಕೂಸನ್ನು ಕರೆದೊಯ್ಯಲು ಒಂದು. "ಯಾರರ ಸತ್ತರ ಏನನ್ನಬೇಕ್ರಿ ಟೀಚರ್?" ಅಂತ ನಾನು ಕೇಳಿದ್ದೆ. "ಇದು ದಿನಾ ಬೇಕಾಗೋ ಇಂಗ್ಲಿಷ್ ಆಂಟಿ, ಅದೆಲ್ಲ ಇದರಲ್ಲಿ ಬರಲ್ಲ" ಅಂದಿದ್ದಳು. ನಮ್ಮ ಚಾಳಿನಲ್ಲಿ ಸಾವು ದಿನನಿತ್ಯದ್ದಲ್ಲ ಅಂತ ಅವಳಿಗೆ ಯಾರು ಹೇಳಿದರೋ.

ಗೇಟು ಮುಟ್ಟಿದಾಗ ಎರಡು ಗಂಟೆ. ವಾಚ್‌ಮನ್ ರಿಜಿಸ್ಟರ್ ತೆಗೆದ. "ಕಾಮ್ ಕ್ಯಾ ಹೈ?"

"ಐ ಹ್ಯಾವ್ ಕಮ್ ಟು ಮೀಟ್ ಶಿವಕುಮಾರಿ" ಅಂದೆ.

ಅವನು ನನ್ನ ಚಪ್ಪಲಿಯಿಂದ ತಲೆಯವರೆಗೆ ನೋಡಿ ಇಂಟರ್‌ಕಾಮ್ ಎತ್ತಿದ. ಆರರ ಮೇಲೆ ಬರಲಿ, ಈಗ ಕೂಸು ಮಲಗುವ ಹೊತ್ತು ಅಂದಳಂತೆ ಮೇಡಂ. ಅರ್ಜೆಂಟ್ ಇದ್ದರೆ ಏನು ಕೆಲಸ ಅಂತ ಹೇಳಬೇಕಂತೆ. ಪೆನ್ನು ಹಿಡಿದು ನನ್ನ ಬಾಯಿ ನೋಡುತ್ತ ಕೂತ.

ಹೇಳಿದರೆ ಇವನು ಮೇಡಂಗೆ ಹೇಳುತ್ತಾನೆ, ಮೇಡಂ ಅವಳಿಗೆ ಹೇಳುತ್ತಾಳೆ. ತಾಯಿ ಸತ್ತದ್ದನ್ನು ಹುಡುಗಿ ಹಸಿದ ಹೊಟ್ಟೆಯಲ್ಲಿ, ಮಂದಿಯ ಮನೆಯಲ್ಲಿ, ಮಂದಿಯ ಕೂಸನ್ನು ಎತ್ತಿಕೊಂಡು ಕೇಳಬೇಕು. ಹೇಳದಿದ್ದರೆ ಬಸ್ಸು ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ ಅಂತಾರಲ್ಲ, ನಡುವೆ ನಾನು ಡಬ್ಬಿ ಹಿಡಿದುಕೊಂಡು ನಿಂತಿದ್ದೆ.

ವಾಚ್‌ಮನ್ ಕೈಯಿಂದ ರಿಸೀವರ್ ತೆಗೆದುಕೊಂಡೆ. ಶಾಲೆಯ ಗೇಟಿಗೆ ಅಂತ ಕಲಿಸಿದ ಮಾತೇ ಬಾಯಿಗೆ ಬಂತು. "ಐ ಹ್ಯಾವ್ ಕಮ್ ಟು ಟೇಕ್ ಹರ್ ಹೋಮ್."

ಮೇಡಂ ಇಂಗ್ಲಿಷಿನಲ್ಲಿ ಏನೇನೋ ಕೇಳಿದಳು. ಅದಕ್ಕೆ ಉತ್ತರ ನನ್ನ ಪಾಠದಲ್ಲಿರಲಿಲ್ಲ. ಅದೇ ಮಾತನ್ನು ಮತ್ತೆ ಹೇಳಿದೆ. ಅವಳು ದನಿ ಏರಿಸಿದಳು. ನಾನು ಏರಿಸಲಿಲ್ಲ, ತಗ್ಗಿಸಲೂ ಇಲ್ಲ, ಮೂರನೇ ಸಲ ಹೇಳಿದೆ. ಆ ಕಡೆ ಕೂಸು ಎದ್ದು ಅಳತೊಡಗಿತು. "ಓಕೆ" ಅಂದು ಇಟ್ಟಳು.

ಹತ್ತು ನಿಮಿಷಕ್ಕೆ ಶಿವಕುಮಾರಿ ಹೆಗಲಿಗೆ ಬ್ಯಾಗ್ ಹಾಕಿಕೊಂಡು ಇಳಿದು ಬಂದಳು. ಗೇಟಿನ ಹೊರಗೆ ಮರದ ಕಟ್ಟೆಯ ಮೇಲೆ ಕೂರಿಸಿ ಡಬ್ಬಿ ಕೊಟ್ಟೆ. "ಮೊದಲ ಉಣ್ಣು. ಆಮ್ಯಾಲೆ ಮಾತಾಡೂಣು."

ಅವಳು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಳು, ತೆಗೆಯಲಿಲ್ಲ. "ಎರಡು ವರ್ಷದಾಗ ಈ ಗೇಟಿಗೆ ನೀ ಒಮ್ಮೆರ ಬಂದಿಯೇನ, ಚಿಗವ್ವ?"

ಮುಚ್ಚಳ ತೆಗೆಯಲು ಕೈ ಚಾಚಿದೆ. ಅವಳು ತಡೆದಳು.

"ಬಂದು, ಮೊದಲ ಉಣ್ಣು ಅಂತಿ. ಅವ್ವ ಹೋದಳು, ಹೌದಲ್ಲ?"

ತಲೆಯಾಡಿಸಿದೆ. ಅವಳೂ ಅಳಲಿಲ್ಲ. ರಸ್ತೆಯಲ್ಲಿ ಎರಡು ರಿಕ್ಷಾ ಹೋದವು. ಆಮೇಲೆ ಡಬ್ಬಿಯ ಮುಚ್ಚಳ ತೆಗೆದಳು, ತಣ್ಣಗಾದ ಅನ್ನವನ್ನು ಬೆರಳಲ್ಲಿ ಕಲಸಿ ಒಂದು ತುತ್ತು ಮಾಡಿದಳು. ಪುಣ್ಯ, ಉಣ್ಣುತ್ತಾಳೆ ಅಂದುಕೊಂಡೆ. ತುತ್ತು ನನ್ನ ಬಾಯಿಯ ಹತ್ತಿರ ಬಂತು.

"ನೀ ತಿನ್ನು" ಅಂದಳು. "ನಿನಗ ಯಾರೂ ಉಣಿಸಿ ಹೇಳಿಲ್ಲ."

ಬಾಯಿ ತೆರೆದೆ. ನುಂಗಲು ಬಹಳ ಹೊತ್ತು ಹಿಡಿಯಿತು. ನನ್ನಕ್ಕ ಸತ್ತಿದ್ದಾಳೆ ಅನ್ನುವುದು ನನಗೆ ಆಗ ತಿಳಿಯಿತು.