ಉಲ್ಟಾ ಬಾಯಿ

ಮರಾಠಿಯಲ್ಲಿ ಬಾಯಿ ಅಂದರೆ ಹೆಂಗಸು, ಕನ್ನಡದಲ್ಲಿ ಬಾಯಿ ಅಂದರೆ ಬಾಯಿ. ಸ್ಟ್ಯಾಟಿಸ್ಟಿಕ್ಸ್ ಮಾಸ್ತರು ವಿರುಪಾಕ್ಷಪ್ಪನವರು ಎರಡನ್ನೂ ಕಲಸಿ ತಮ್ಮ ವಿದ್ಯಾರ್ಥಿನಿ ಅಕ್ಕುತಾಯಿಗೆ ‘ಉಲ್ಟಾ ಬಾಯಿ’ ಎಂದು ಹೆಸರಿಟ್ಟಿದ್ದರು. ಚಿಕ್ಕೋಡಿಯಲ್ಲಿ ಆಗ ಇದ್ದು ಈಗ ಇಲ್ಲದ ಒಂದು ಕಾಲೇಜಿನ ಮಾತಿದು. ಕಾಲೇಜು ಮುಚ್ಚಿದ್ದಕ್ಕೆ ನನಗೇನೂ ದುಃಖವಿಲ್ಲ.

ಅಕ್ಕುತಾಯಿ ಶಿರಗುಪ್ಪಿಯವಳು, ಓದಿದ್ದು ಊರಿನ ಮರಾಠಿ ಶಾಲೆಯಲ್ಲಿ. ನಾವು ಐವತ್ತಮೂರು ಅನ್ನುವುದನ್ನು ಮರಾಠಿಯವರು ತ್ರೇಪನ್ನ ಅನ್ನುತ್ತಾರೆ. ಅಂದರೆ ಮೂರು ಮೊದಲು, ಐವತ್ತು ಆಮೇಲೆ. ಆ ಶಾಲೆಯ ಮಕ್ಕಳು ಬರೆಯುವಾಗಲೂ ಮೂರನ್ನು ಮೊದಲು ಬರೆದು, ಎಡಕ್ಕೆ ಬಿಟ್ಟ ಜಾಗದಲ್ಲಿ ಐದನ್ನು ಕೂರಿಸುತ್ತಾರೆ. ಅವಸರದಲ್ಲಿ ಐದು ಬಲಕ್ಕೆ ಬಿದ್ದರೆ ಐವತ್ತಮೂರು ಹೋಗಿ ಮೂವತ್ತೈದಾಗುತ್ತದೆ. ಮೊದಲ ವರ್ಷ ಅವಳಿಗೆ ಹಾಗಾಗುತ್ತಿತ್ತು. ವಿರುಪಾಕ್ಷಪ್ಪನವರಿಗೆ ಅಷ್ಟು ಸಾಕಾಯಿತು. ಬೇಜಾರಾದಾಗಲೆಲ್ಲ ಅವಳನ್ನು ಬೋರ್ಡಿಗೆ ಕರೆದು ಗಡಗಡ ಅಂಕಿ ಹೇಳುವುದು, ಕ್ಲಾಸೆಲ್ಲ ನಗುವುದು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಬೆಕ್ಕಿಗೆ ಇಲಿಯ ಮೇಲೆ ಇನ್ನೊಂದು ಸಿಟ್ಟೂ ಇತ್ತು. ಮಾಸ್ತರು ಬೋರ್ಡಿನ ಅರ್ಧಕ್ಕೆ ಬಂದು ತಡವರಿಸುವ ಥಿಯರಂಗಳನ್ನು ಇವಳು ಬೆಂಚಿನಲ್ಲೇ ಕೂತು ಮುಗಿಸುತ್ತಿದ್ದಳು. ಮೂರನೇ ವರ್ಷಕ್ಕೆ ಬರುವಷ್ಟರಲ್ಲಿ ಅಂಕಿಯ ಚಾಳಿಯನ್ನೂ ಪೂರ್ತಿ ತಿದ್ದಿಕೊಂಡಿದ್ದಳು. ಆದರೆ ಇಟ್ಟ ಹೆಸರು ಹೋಗುತ್ತದೆಯೇ? ಅಂಕಿ ಕಿವಿಗೆ ಬಿದ್ದರೆ ಸಾಕು, ತಪ್ಪು ತನ್ನದೇ ಇರಬೇಕು ಎಂಬ ಹೆದರಿಕೆ ಅವಳ ಎದೆಯಲ್ಲಿ ಕೂತುಬಿಟ್ಟಿತ್ತು.

ಎಂಬತ್ತೆಂಟರಲ್ಲಿ ಬಿ.ಎಸ್ಸಿ. ಕೊನೆಯ ಪ್ರಾಕ್ಟಿಕಲ್ ಪರೀಕ್ಷೆ ಬಂತು. ಧಾರವಾಡದ ಎಂ.ಎಸ್ಸಿ. ಸೀಟಿಗೆ ಅವಳೂ ಅವಳ ಊರಿನವನೇ ಆದ ಸಹಪಾಠಿ ಬಾಬಾಸಾಹೇಬನೂ ಸರಿಸಮ ಇದ್ದರು. ಪ್ರಾಕ್ಟಿಕಲ್‌ನಲ್ಲಿ ಯಾರು ಮುಂದೋ ಸೀಟು ಅವರದು. ಬಾಬಾಸಾಹೇಬನಿಗೆ ಸೀಟು ತಪ್ಪಿದರೆ ಅಪ್ಪನ ಕಬ್ಬಿನ ತೋಟ ಕಾದಿತ್ತು. ಅವಳಿಗೂ ಅದೇ ತೋಟ ಕಾದಿತ್ತು, ಕೊಯ್ಯುವುದಕ್ಕೆ. ಅವಳ ಅವ್ವ ಸುಂದ್ರವ್ವ ಅಲ್ಲೇ ಕಬ್ಬು ಕಡಿಯುತ್ತಿದ್ದಳು.

ಪರೀಕ್ಷೆಯ ದಿನ ಕರೆಂಟು ಹೋಗಿ ಪ್ರಶ್ನೆಪತ್ರಿಕೆಯ ಪ್ರತಿ ತೆಗೆಯಲಾಗಲಿಲ್ಲ. ಬೋರ್ಡಿನ ಮೇಲೆ ಬರೆಯಬಹುದಿತ್ತು. ವಿರುಪಾಕ್ಷಪ್ಪನವರು ಓದಿ ಹೇಳುತ್ತೇನೆ ಅಂದರು. ಕಬ್ಬಿನ ಎತ್ತರ, ಕಬ್ಬಿನ ಹೊರೆಯ ತೂಕ, ಎರಡರ ನಡುವಿನ ಕೋರಿಲೇಶನ್ ಕಂಡುಹಿಡಿಯಬೇಕು. ಹೊರಗಿನಿಂದ ಬಂದ ಪರೀಕ್ಷಕರನ್ನು ನಗಿಸಲು, ಪ್ರತಿ ಅಂಕಿಯನ್ನೂ ಎಲ್ಲರಿಗಾಗಿ ಇಂಗ್ಲಿಷಿನಲ್ಲೊಮ್ಮೆ, ‘ನಮ್ಮ ಉಲ್ಟಾ ಬಾಯಿಯವರಿಗಾಗಿ’ ಮರಾಠಿಯಲ್ಲೊಮ್ಮೆ ಹೇಳಿದರು. ಅವರ ಮರಾಠಿ ಸಂತೆಯಲ್ಲಿ ಕಲಿತದ್ದು. ತೂಕದ ಸಾಲಿನಲ್ಲಿ ಒಂದು ಕಡೆ ‘ಫಿಫ್ಟಿ ಥ್ರೀ’ ಅಂದು, ಮೊದಲು ಕಂಡ ಐದನ್ನೇ ಮೊದಲು ಹಿಡಿದು ‘ಪಸ್ತೀಸ’ ಅಂದರು. ಪಸ್ತೀಸ ಅಂದರೆ ಮೂವತ್ತೈದು. ಮೂರು ವರ್ಷ ಯಾವ ತಪ್ಪಿಗೆ ಅವಳನ್ನು ನೋಡಿ ನಕ್ಕಿದ್ದರೋ ಅದನ್ನೇ ಅವರ ಬಾಯಿ ಮಾಡಿತು. ಅವರಿಗೆ ಗೊತ್ತೇ ಆಗಲಿಲ್ಲ.

ಅಕ್ಕುತಾಯಿ ಅಷ್ಟರಲ್ಲಿ 53 ಎಂದು ಸರಿಯಾಗಿಯೇ ಬರೆದಿದ್ದಳು. ಪಸ್ತೀಸ ಕೇಳಿದ್ದೇ, ಮತ್ತೆ ತಿರುವಿ ಬರೆದೆನೇನೋ ಎಂದು ಹೊಡೆದುಹಾಕಿ 35 ಮಾಡಿದಳು. ಅಷ್ಟೆತ್ತರದ ಕಬ್ಬು ಇಷ್ಟು ಹಗುರ ಇರುವುದಿಲ್ಲ ಎಂದು ಕಬ್ಬು ಹೊತ್ತ ಅವಳ ತಲೆಗೆ ಗೊತ್ತಿತ್ತು. ಆ ತಲೆಯನ್ನು ನಂಬುವುದನ್ನು ಕಾಲೇಜು ಅವಳಿಗೆ ಮರೆಸಿತ್ತು.

ಉತ್ತರ ತಪ್ಪಿತು. ಹೊಡೆದುಹಾಕಿದ 53ನ್ನು ಮಾಸ್ತರು ಎಲ್ಲರೆದುರು ಪರೀಕ್ಷಕರಿಗೆ ತೋರಿಸಿ ನಕ್ಕರು. ನೀವು ಪಸ್ತೀಸ ಅಂದಿರಿ ಎಂದು ಅವಳು ಮೆಲ್ಲಗೆ ಹೇಳಿದಳು. ಅವರು ಹುಬ್ಬು ಗಂಟಿಕ್ಕಿ ತಿರುಗಿದರು.

“ಬಾಬಾಸಾಹೇಬ, ನಿಮ್ಮ ಮನ್ಯಾಗ ಮರಾಠಿ ಮಾತಾಡ್ತೀರಿ. ನಾ ಏನಂದೆ ಹೇಳು.”

“ತ್ರೇಪನ್ನ ಅಂದ್ರಿ ಸರ್.”

ಅಕ್ಕುತಾಯಿ ಅವನ ಮುಖ ನೋಡಿದಳು. ಆಮೇಲೆ ತಲೆ ತಗ್ಗಿಸಿ, ನನ್ನ ಕಿವಿಯೇ ತಪ್ಪಿರಬೇಕು ಸರ್, ತಪ್ಪಾಯಿತು ಅಂದಳು. ತಪ್ಪೊಪ್ಪಿಕೊಂಡವಳ ಲೆಕ್ಕ ಮುಂದೆ ಯಾರು ನೋಡುತ್ತಾರೆ? ಪರೀಕ್ಷಕರಿಗೆ ಬೆಳಗಾವಿ ಬಸ್ಸಿನ ಚಿಂತೆ. ಪಾಸಾಗುವಷ್ಟು ಅಂಕ ಹಾಕಿ ಎದ್ದರು.

ದೀಪಾವಳಿ ರಜೆಗೆ ಬಾಬಾಸಾಹೇಬ ಧಾರವಾಡದಿಂದ ಬಂದು ತೋಟಕ್ಕೆ ಹೋದ. ಅಕ್ಕುತಾಯಿ ಅವ್ವನ ಪಕ್ಕದಲ್ಲಿ ಕಬ್ಬಿನ ಹೊರೆ ಕಟ್ಟುತ್ತಿದ್ದಳು. ಅವನಿಗೆ ಮನಸ್ಸು ಚುಚ್ಚುತ್ತಿತ್ತಂತೆ. ಒಳ್ಳೆಯವರಿಗೆ ಹೀಗೆ ಹೊತ್ತು ಮೀರಿಯೇ ಚುಚ್ಚುತ್ತದೆ.

“ಅಕ್ಕುತಾಯಿ, ನೀ ಕೇಳಿದ್ದs ಖರೆ. ಅವರು ಪಸ್ತೀಸನ ಅಂದಿದ್ರು. ನಿನಗ ಸಮಾಧಾನ ಆಗಲಿ ಅಂತ ಈಗ ಹೇಳಿದೆ.”

ಅವಳು ಹಗ್ಗ ಬಿಗಿದು, ಗಂಟು ಹಾಕಿ, ಆಮೇಲೆ ತಲೆ ಎತ್ತಿದಳು.

“ನನ್ನ ಕಿವೀನ ಸುಳ್ಳ ಅಂತ ತಿಳಕೊಂಡು ಹೆಂಗೋ ಸುಮ್ಮನಾಗಿದ್ನಿರಿ. ಇನ್ನ ನಾ ಹೆಂಗ ಸುಮ್ಮನಿರ್ಲಿ?”

ಕ್ಷಮಿಸುತ್ತಾಳೆ ಎಂದುಕೊಂಡು ಬಂದವನಿಗೆ ಈ ಪ್ರಶ್ನೆ ಹಿಡಿಸಲಿಲ್ಲ. ಮರುದಿನ ಬೆಳಿಗ್ಗೆ ತೋಟದ ಆಳು ಬಂದು, ಇನ್ನು ಮೇಲೆ ಒಬ್ಬಳೇ ಬಾ, ಮಗಳನ್ನು ಕರೆತರಬೇಡ ಎಂದು ಸುಂದ್ರವ್ವನಿಗೆ ಹೇಳಿ ಹೋದ.